ಅಕ್ಕಡಿ ಅವರೆ: ಹುಳ ನೋಡಿ ಬೆಳೆಯುವುದು, ಹುಳ ನೋಡಿ ಮಾರುವುದು

ಅವರೆ ಬೆಳೆಯುವವರಿಗೆ ಹೊಲದಲ್ಲಿ ಹುಳದ ಚಿಂತೆ, ಮಂಡಿಯಲ್ಲಿ ರೇಟಿನ ಚಿಂತೆ. ಇವೆರಡೂ ಬೇರೆ ಬೇರೆ ಅಂದುಕೊಂಡೇ ನಾವು ಮದ್ದಿನ ಅಂಗಡಿಗೆ ದುಡ್ಡು ಸುರಿಯುತ್ತೇವೆ. ನಾನು ಮಾಗಡಿ ಕಡೆಯವಳು. ರಾಗಿ ಹೊಲದ ಅಕ್ಕಡಿಯಲ್ಲಿ, ಅಂದರೆ ಮುಖ್ಯ ಬೆಳೆಯ ನಡುವೆ ಬಿಡುವ ಮಿಶ್ರಬೆಳೆ ಸಾಲಿನಲ್ಲಿ, ಅವರೆ ಬೆಳೆದು, ಹಸಿಕಾಯಿ, ಹಸಿಕಾಳು, ಹಿತಕಿದ ಬೇಳೆ, ಒಣಕಾಳು ಅಂತ ನಾಲ್ಕು ಥರ ಮಾರುತ್ತೇವೆ. ಯಾವ ಹುಳ ಯಾವಾಗ ಬರುತ್ತದೆ ಎಂದು ಗೊತ್ತಿದ್ದರೆ ಯಾವ ಕಾಯಿಯನ್ನು ಯಾವಾಗ ಮಾರಬೇಕು ಎನ್ನುವುದೂ ತಾನಾಗಿ ಗೊತ್ತಾಗುತ್ತದೆ. ಅದನ್ನೇ ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ. ಒಂದೆರಡು ಎಕರೆ ಮಳೆಯಾಶ್ರಿತ ಹೊಲ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಬಿತ್ತನೆಯಲ್ಲೇ ಅರ್ಧ ಕೆಲಸ ಮುಗಿಯಬೇಕು

ಮೊದಲು ಬೀಜದ ಮಾತು. ನಾಟಿ ಅವರೆ ಹಗಲು ಚಿಕ್ಕದಾದ ಮೇಲೆ ಮಾತ್ರ ಹೂ ಬಿಡುತ್ತದೆ. ಆಷಾಢದಲ್ಲಿ ಬಿತ್ತಿದರೂ ಶ್ರಾವಣದಲ್ಲಿ ಬಿತ್ತಿದರೂ ಹೂ ಕಾಣುವುದು ಚಳಿ ಶುರುವಾಗುವ ಹೊತ್ತಿಗೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು, ಅಂದರೆ ಎಚ್‌ಎ-3, ಎಚ್‌ಎ-4, ಹಗಲಿನ ಲೆಕ್ಕ ಇಡುವುದಿಲ್ಲ. ಯಾವ ಕಾಲದಲ್ಲಿ ಹಾಕಿದರೂ ಕಾಯಿ ಕೊಡುತ್ತವೆ. ಎಚ್‌ಎ-4 ಅನ್ನು ಎಚ್‌ಎ-3 ಮತ್ತು ನಮ್ಮ ಮಾಗಡಿ ನಾಟಿ ಅವರೆ ಸೇರಿಸಿಯೇ ಮಾಡಿದ್ದು. ನೀರಾವರಿ ಇದ್ದು, ಕಾಲ ತಪ್ಪಿದಾಗ ಕಾಯಿ ಮಾರಿ ಒಳ್ಳೆ ರೇಟು ನೋಡಬೇಕು ಅನ್ನುವವರಿಗೆ ಅವು ಸರಿ. ಆದರೆ ಒಂದೇ ಹೊಲದಲ್ಲಿ ಅವರೆ ಮೇಲೆ ಅವರೆ ಹಾಕಬೇಡಿ. ಕಾಯಿಗೆ ತೂತು ಕೊರೆದು ಕಾಳು ತಿನ್ನುವ ಕಾಯಿಕೊರಕ ಹುಳಕ್ಕೆ ವರ್ಷವಿಡೀ ಊಟ ಹಾಕಿದ ಹಾಗಾಗುತ್ತದೆ. ನಾಟಿ ಅವರೆಯ ದೊಡ್ಡ ಗುಣವೇ ಇದು: ವರ್ಷಕ್ಕೊಂದು ಸಲ ಹೂ, ಆಮೇಲೆ ಹೊಲ ಖಾಲಿ. ಸೊಗಡೂ ಅದಕ್ಕೇ ಜಾಸ್ತಿ.

ರಾಗಿ ಎಂಟು ಸಾಲಿಗೆ ಒಂದು ಸಾಲು ಅವರೆ ಬರುವಂತೆ ಬಿತ್ತಿ. ಹಿಂದೆ ಬಿತ್ತುವ ಕೂರಿಗೆಯ ಹಿಂದೆ ಸಡ್ಡೆ (ಕಾಳು ಬಿಡುವ ಕೊಳವೆ) ಹಿಡಿದು ಅಕ್ಕಡಿ ಕಾಳು ಬಿಡುತ್ತಿದ್ದರು. ಈಗ ಟ್ರ್ಯಾಕ್ಟರ್ ಕೂರಿಗೆಯಲ್ಲೂ ಒಂದು ನಳಿಕೆ ಬಿಟ್ಟುಕೊಂಡು ಮಾಡಬಹುದು. ಅದೂ ಆಗದಿದ್ದರೆ ಬಿತ್ತಿದ ಮೇಲೆ ಕೈಯಲ್ಲೇ ಸಾಲು ಹಿಡಿದು ಊರಿ. ಅವರೆ ಸಾಲಿನಲ್ಲಿ ಬರೀ ಅವರೆ ಇರಬಾರದು. ಅಲ್ಲಲ್ಲಿ ಒಂದೊಂದು ಜೋಳ, ಸ್ವಲ್ಪ ಹುಚ್ಚೆಳ್ಳು, ಚಿಟಿಕೆ ಸಾಸಿವೆ ಇರಲಿ. ಬದುವಿನ ಅಂಚಿಗೆ ಹರಳು. ಇದನ್ನೆಲ್ಲ ನಮ್ಮತ್ತೆ "ಮನೆಗೆ ಬೇಕಾದ್ದು" ಅಂತ ಹಾಕಿಸುತ್ತಿದ್ದರು. ಮನೆಗೂ ಬೇಕು, ನಿಜ. ಹೊಲಕ್ಕೆ ಇನ್ನೂ ಬೇಕು.

ಹುಚ್ಚೆಳ್ಳಿನ ಹಳದಿ ಹೂವಿಗೆ ತುಡುವೆ ಜೇನು, ಕೋಲುಜೇನು ಎಲ್ಲ ಬರುತ್ತವೆ. ಹುಚ್ಚೆಳ್ಳಿಗೆ ಅವು ಬರಲೇಬೇಕು. ಒಂದು ಗಿಡದ ಪರಾಗ ಇನ್ನೊಂದು ಗಿಡಕ್ಕೆ ಸೇರದೆ ಅದು ಚೆನ್ನಾಗಿ ಕಾಳು ಕಟ್ಟುವುದಿಲ್ಲ. ಜೇನಿನ ಜೊತೆಗೆ ಕಣ್ಣಿಗೆ ಸರಿಯಾಗಿ ಕಾಣದ ಸಣ್ಣ ಸಣ್ಣ ಕಣಜಗಳೂ ಆ ಹೂವಿಗೆ ಬರುತ್ತವೆ. ಅವಕ್ಕೆ ಹೊಟ್ಟೆಗೆ ಮಕರಂದ, ಮರಿ ಬೆಳೆಸಲು ಕಾಯಿಕೊರಕದ ಮೊಟ್ಟೆ ಇಲ್ಲವೆ ಮರಿಹುಳ. ಎರಡೂ ಒಂದೇ ಹೊಲದಲ್ಲಿ ಸಿಕ್ಕರೆ ಅವು ಅಲ್ಲೇ ಉಳಿಯುತ್ತವೆ. ಸಾಸಿವೆ ಮೇಲೆ ಮೊದಲೇ ಹೇನು, ಅಂದರೆ ಗಿಡದ ರಸ ಹೀರುವ ಸಣ್ಣ ಹುಳ, ಕೂರುತ್ತದೆ. ಆ ಹೇನು ತಿನ್ನಲು ಗುಲಗಂಜಿ ಹುಳ ಬರುತ್ತದೆ. ಅವರೆಗೆ ಹೇನು ಬರುವ ಹೊತ್ತಿಗೆ ಕಾವಲುಗಾರರು ಹೊಲದಲ್ಲೇ ಇರುತ್ತಾರೆ. ಜೋಳದ ದಂಟು ಎತ್ತರಕ್ಕೆ ನಿಂತರೆ ಕಾಜಾಣ ಅದರ ಮೇಲೆ ಕೂತು ಹುಳ ಹಿಡಿಯುತ್ತದೆ. ಜೋಳ ಕೊಯ್ದ ಮೇಲೂ ದಂಟನ್ನು ಅಲ್ಲಲ್ಲಿ ಹಾಗೇ ಬಿಡಿ. ಜೋಳ ಹಾಕದವರು ಎಕರೆಗೆ ಇಪ್ಪತ್ತು ಕವೆಗೋಲು ನೆಟ್ಟರೂ ಆದೀತು. ಗಿಡಕ್ಕಿಂತ ಒಂದಡಿ ಎತ್ತರ ಇರಬೇಕು. ಕಾಳು ಬಲಿಯುವ ಹೊತ್ತಿಗೆ ಕೋಲು ಕಿತ್ತುಬಿಡಿ. ಇಲ್ಲದಿದ್ದರೆ ಗಿಳಿಗಳು ಬಂದು ಕೂರುತ್ತವೆ.

ರಾಗಿ ಕೊಯ್ಲಾದ ಮೇಲೆ ಅವರೆಗೆ ಜಾಗ, ಬಿಸಿಲು ಎರಡೂ ಸಿಕ್ಕಿ ಬಳ್ಳಿ ಹರಡಿಕೊಳ್ಳುತ್ತದೆ. ಅಲ್ಲಿಂದ ಶುರು ನೋಡುವ ಕೆಲಸ.

ಹೂ ಬಂದ ಮೇಲೆ ಸುಮ್ನೆ ಕೂರಬೇಡಿ

ವಾರಕ್ಕೆ ಎರಡು ಸಲ, ಬಿಸಿಲೇರುವ ಮುಂಚೆ, ಹೊಲದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆಯಿರಿ. ಅಲ್ಲಲ್ಲಿ ನಿಂತು ಒಟ್ಟು ಇಪ್ಪತ್ತು ಗಿಡ ನೋಡಿ. ಬದುವಿನ ಹತ್ತಿರದ ಗಿಡಗಳನ್ನೇ ನೋಡಿ ವಾಪಸ್ ಬರಬೇಡಿ, ನಡುಹೊಲಕ್ಕೂ ಹೋಗಿ. ಮೊದಲು ಹೂಗೊಂಚಲಿನ ತುದಿ. ಹಸಿರು ಕಾಯಿಕೊರಕದ ಪತಂಗ ರಾತ್ರಿ ಹೊತ್ತು ಬಂದು ಮೊಗ್ಗಿನ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಗುಂಪಾಗಿ ಇಡುವುದಿಲ್ಲ. ಗಸಗಸೆ ಕಾಳಿನಷ್ಟೇ ಇರುತ್ತದೆ, ಬಿಳಿ ಹಳದಿ ಬಣ್ಣ. ಮೂರು ನಾಲ್ಕು ದಿನಕ್ಕೆ ಒಡೆದು ಕೂದಲೆಳೆಯಂಥ ಮರಿ ಬರುತ್ತದೆ. ಆಗ ಅದು ಮೊಗ್ಗು, ಹೂ ಕೆರೆಯುತ್ತದೆ. ದೊಡ್ಡದಾದ ಮೇಲೆ ಕಾಯಿಗೆ ದುಂಡನೆ ತೂತು ಮಾಡಿ, ತಲೆ ಒಳಗೆ, ಅರ್ಧ ಮೈ ಹೊರಗೆ ಇಟ್ಟುಕೊಂಡು ಕಾಳು ತಿನ್ನುತ್ತದೆ. ಹೆಸರಿಗೆ ಹಸಿರು ಅಂತಾರೆ, ಆದರೆ ಕಂದು, ಗುಲಾಬಿ, ಹಳದಿ ಯಾವ ಬಣ್ಣದಲ್ಲೂ ಇರಬಹುದು. ಪಕ್ಕದಲ್ಲಿ ಬಿಳಿ ಗೀರು ಇದೆಯಾ ನೋಡಿ. ಎರಡು ಮೂರು ವಾರ ತಿಂದು ಮಣ್ಣಿಗೆ ಇಳಿದು ಕೋಶ ಕಟ್ಟುತ್ತದೆ.

ಅವರೆಗೇ ಮೀಸಲಾದ ಇನ್ನೊಂದು ಕಾಯಿಕೊರಕ ಇದೆ, ಅದೂ ಹಸಿರೇ. ಪಚ್ಚೆ ಕಾಯಿಯ ಒಳಗೆ ನೋಡಿದರೆ ಎರಡನ್ನೂ ಬೇರೆ ಮಾಡುವುದು ಕಷ್ಟ. ಮಾಡಬೇಕಾದ ಕೆಲಸ ಒಂದೇ ಆದ್ದರಿಂದ ತಲೆ ಕೆಡಿಸಿಕೊಳ್ಳಬೇಡಿ. ಒಂದು ವಿಷಯಕ್ಕೆ ಮಾತ್ರ ಈ ವ್ಯತ್ಯಾಸ ಬೇಕು: ಹೆಣ್ಣು ಪತಂಗದ ವಾಸನೆ ಇಟ್ಟು ಗಂಡನ್ನು ಸೆಳೆಯುವ, ಅಂಗಡಿಯಲ್ಲಿ ಸಿಗುವ ಮೋಹಕ ಬಲೆಗೆ ಬೀಳುವುದು ಮೊದಲನೆಯ ಜಾತಿಯ ಗಂಡು ಪತಂಗ ಮಾತ್ರ. ಬಲೆ ಖಾಲಿ ಇದೆ ಅಂತ ಹೊಲದಲ್ಲಿ ಹುಳ ಇಲ್ಲ ಅಂದುಕೊಳ್ಳಬೇಡಿ. ಎಕರೆಗೆ ನಾಲ್ಕೈದು ಬಲೆ ಸಾಕು. ಅದು ಹುಳ ಕೊಲ್ಲುವ ಸಾಧನ ಅಲ್ಲ. ಪತಂಗ ಬಂದಿದೆ, ಇನ್ನು ಮೊಟ್ಟೆ ನೋಡು ಅಂತ ಹೇಳುವ ಸಾಧನ.

ಹೂಗಳು ಒಂದಕ್ಕೊಂದು ಅಂಟಿಕೊಂಡು ಬಲೆ ಕಟ್ಟಿದ ಹಾಗೆ ಕಂಡರೆ ಬಿಡಿಸಿ ನೋಡಿ. ಒಳಗೆ ಮೈಮೇಲೆ ಕಪ್ಪು ಚುಕ್ಕೆ ಇರುವ ಮಾಸಲು ಬಿಳಿ ಹುಳ ಇರುತ್ತದೆ. ಅದು ಬೇರೆ ಜಾತಿ, ಚುಕ್ಕೆ ಕಾಯಿಕೊರಕ. ಬಲೆಯ ಒಳಗಿರುವುದರಿಂದ ಮೇಲಿಂದ ಏನು ಸಿಂಪಡಿಸಿದರೂ ಅದಕ್ಕೆ ತಾಗುವುದು ಕಡಿಮೆ. ಆ ಗೊಂಚಲನ್ನು ಕಿತ್ತು ಚೀಲಕ್ಕೆ ಹಾಕಿಕೊಳ್ಳುವುದೇ ಸರಿ.

ಕಾಂಡದ ಬುಡದಲ್ಲಿ ದುಂಡನೆಯ, ಕಂದು ಹಸಿರು ಬಣ್ಣದ ತಿಗಣೆಗಳು ಮೊತ್ತವಾಗಿ ಕೂತಿರುತ್ತವೆ. ಮುಟ್ಟಿದರೆ ಕೈಗೆ ನಾತ ಹಿಡಿಯುತ್ತದೆ. ನೋಡಿದರೆ ಗಾಬರಿಯಾಗುವಷ್ಟು ಇರುತ್ತವೆ. ಆದರೆ ಗಿಡ ಗಟ್ಟಿಯಾಗಿದ್ದರೆ ಇವು ಮಾಡುವ ಹಾನಿ ಅಷ್ಟೇನಿಲ್ಲ. ಬೆಳಗಿನ ಚಳಿಗೆ ಹಾರದೆ ಕೂತಿರುವಾಗ ಸೀಮೆಎಣ್ಣೆ ಅಥವಾ ಸೋಪಿನ ನೀರಿರುವ ಬಕೆಟ್ಟಿಗೆ ಉದುರಿಸಿಬಿಡಿ. ಏಷ್ಯಾದ ಇದೇ ತಿಗಣೆ 2009ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಕಾಣಿಸಿಕೊಂಡು ಅಲ್ಲಿನ ಸೋಯಾಬೀನ್ ಬೆಳೆಗಾರರನ್ನು ಹಣ್ಣು ಮಾಡಿತು. ಇಲ್ಲಿ ಅದರ ಮೊಟ್ಟೆಯನ್ನೇ ಹುಡುಕಿ ತಿನ್ನುವ ಕಣಜಗಳಿವೆ. ಅವನ್ನು ಮದ್ದು ಹೊಡೆದು ನಾವೇ ಕಳೆದುಕೊಳ್ಳಬಾರದು ಅಲ್ವಾ?

ಕಂಡಿದ್ದನ್ನೆಲ್ಲ ಕೊಲ್ಲಬೇಡಿ

ಇದು ನಾನು ಹೆಚ್ಚು ಒತ್ತಿ ಹೇಳುವ ವಿಷಯ. ನಮ್ಮೂರಲ್ಲಿ ಜನ ತಮ್ಮ ಕೈಯಾರೆ ಕೊಲ್ಲುವ ಹುಳಗಳಲ್ಲಿ ಗುಲಗಂಜಿ ಹುಳದ ಮರಿಯೇ ಮೊದಲು. ದೊಡ್ಡ ಗುಲಗಂಜಿ ಹುಳ ಎಲ್ಲರಿಗೂ ಗೊತ್ತು, ಮಕ್ಕಳು ಕೈಮೇಲೆ ಬಿಟ್ಟುಕೊಳ್ಳುತ್ತಾರೆ. ಅದರ ಮರಿ ನೋಡಲು ಹಾಗಿಲ್ಲ. ಉದ್ದನೆ ಮೈ, ಬೂದು ಕಪ್ಪು ಬಣ್ಣ, ಮೇಲೆ ಕಿತ್ತಳೆ ಮಚ್ಚೆ, ಆರು ಕಾಲು, ಮುಳ್ಳುಮುಳ್ಳು ಬೆನ್ನು. ಹೇನಿನ ನಡುವೆ ಚುರುಕಾಗಿ ಓಡಾಡುತ್ತದೆ. ಎಳೆ ಕುಡಿಯ ಮೇಲೆ ಕರಿ ಹೇನು ಮುತ್ತಿದ ಗಿಡದ ಮುಂದೆ ಐದು ನಿಮಿಷ ಕೂತು ನೋಡಿ. ಆ ಮರಿ ಒಂದು ಹೇನು ಹಿಡಿದು, ರಸ ಹೀರಿ, ಸಿಪ್ಪೆ ಬಿಟ್ಟು ಮುಂದಕ್ಕೆ ಹೋಗುತ್ತದೆ. ಇರುವೆಗಳು ಹೇನಿನ ಸಿಹಿನೀರು ಕುಡಿಯಲು ಬಂದಿರುತ್ತವೆ. ಅವು ಆ ಮರಿಯನ್ನು ಓಡಿಸಲು ನೋಡುತ್ತವೆ. ಇರುವೆ ಜಾಸ್ತಿ ಇದ್ದ ಕುಡಿಯಲ್ಲಿ ಹೇನೂ ಜಾಸ್ತಿ ಇರುತ್ತದೆ. ಅಂಥ ಕುಡಿಯನ್ನು ಚಿವುಟಿ ದೂರ ಹಾಕಿ, ಗುಲಗಂಜಿ ಹುಳದ ಮರಿ ಇರುವ ಕುಡಿಯನ್ನು ಬಿಡಿ. ಅಲ್ಲೇ ಕಾಲಿಲ್ಲದ, ಪಾರದರ್ಶಕ ಹಸಿರು ಮರಿಯೂ ಕಾಣಬಹುದು. ಅದು ಹೂನೊಣದ್ದು, ಅದೂ ಹೇನನ್ನೇ ತಿನ್ನುತ್ತದೆ.

ಎಲೆಯ ಮೇಲೆ ಸತ್ತ ಸಣ್ಣ ಕಾಯಿಕೊರಕ ಒಣಗಿ ಅಂಟಿಕೊಂಡಿದ್ದು, ಪಕ್ಕದಲ್ಲೇ ಬೂದು ಬಿಳಿ ಗೂಡೊಂದು ಇದ್ದರೆ ಅದನ್ನು ಕೀಳಬೇಡಿ. ಅದು ಕಣಜದ ಗೂಡು. ಕಣಜ ಹುಳದ ಮೈಯೊಳಗೆ ಮೊಟ್ಟೆ ಇಟ್ಟಿತ್ತು. ಅದರ ಮರಿ ಒಳಗಿಂದ ತಿಂದು ಹೊರಬಂದು ಗೂಡು ಕಟ್ಟಿದೆ. ಇಪ್ಪತ್ತು ಗಿಡದಲ್ಲಿ ಇಂಥವು ನಾಲ್ಕೈದು ಕಂಡರೆ ಆ ವಾರ ನಾನು ಏನೂ ಸಿಂಪಡಿಸುವುದಿಲ್ಲ. ಕಣಜಕ್ಕೆ ಕೆಲಸ ಮಾಡಲು ಬಿಡುತ್ತೇನೆ.

ಇನ್ನೊಂದು ದೃಶ್ಯ ಕೆಲವು ವರ್ಷ ಮಾತ್ರ ಕಾಣುತ್ತದೆ. ಹುಳ ಗಿಡದ ತುದಿಗೆ ಹತ್ತಿ, ತಲೆ ಕೆಳಗಾಗಿ ಜೋತುಬಿದ್ದು ಸತ್ತಿರುತ್ತದೆ. ಮುಟ್ಟಿದರೆ ಚರ್ಮ ಹರಿದು ಕಂದು ನೀರು ಸುರಿಯುತ್ತದೆ. ಅದಕ್ಕೆ ನಂಜು ರೋಗ, ಎನ್‌ಪಿವಿ ಎಂಬ ವೈರಸ್. ಮನುಷ್ಯರಿಗೆ, ದನಕ್ಕೆ, ಜೇನಿಗೆ ಏನೂ ಆಗುವುದಿಲ್ಲ, ಆ ಜಾತಿಯ ಹುಳಕ್ಕೆ ಮಾತ್ರ ಹತ್ತುತ್ತದೆ. ಸಿಕ್ಕರೆ ಅದು ಬಂಗಾರ. ಹೇಗೆ ಬಳಸುವುದು ಎಂದು ಮುಂದೆ ಹೇಳುತ್ತೇನೆ.

ಹುಳ ಕೈಮೀರುವ ಹಾಗೆ ಕಂಡರೆ

ನಮ್ಮ ಮನೆಯ ಲೆಕ್ಕ ಇಷ್ಟೆ: ಗಿಡಕ್ಕೊಂದು ಹುಳದ ತನಕ ಸಹಿಸಿಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಕಂಡರೆ ಕೈ ಹಾಕಬೇಕು. ಚಳಿಗಾಲದಲ್ಲಿ ಮೂರು ನಾಲ್ಕು ದಿನ ಮೋಡ ಮುಚ್ಚಿಕೊಂಡರೆ ಇನ್ನೂ ಎಚ್ಚರ ಬೇಕು.

ಮೊದಲ ಉಪಾಯ ಅಲ್ಲಾಡಿಸುವುದು. ಕಲಬುರಗಿ ಕಡೆ ತೊಗರಿ ಬೆಳೆಯುವವರು ಗಿಡದ ಕೆಳಗೆ ಬಟ್ಟೆ ಹಿಡಿದು ಅಲ್ಲಾಡಿಸಿ ಹುಳ ಬೀಳಿಸುವುದು ಹಳೆಯ ಪದ್ಧತಿ. ನಮ್ಮ ಅಕ್ಕಡಿ ಅವರೆಗೂ ಅದು ನಡೆಯುತ್ತದೆ, ಸಾಲು ಕಡಿಮೆ ಇರುವುದರಿಂದ ಇನ್ನೂ ಸುಲಭ. ಹಳೆ ಸೀರೆ ಹಾಸಿ, ಬಳ್ಳಿ ಮುರಿಯದ ಹಾಗೆ ಮೆಲ್ಲಗೆ ಒದರಿ. ದೊಡ್ಡ ಹುಳ ಬೀಳುತ್ತವೆ. ಕೋಳಿಗೆ ಹಾಕಿ. ಇಬ್ಬರಿದ್ದರೆ ಅರ್ಧ ದಿನದಲ್ಲಿ ಒಂದು ಎಕರೆಯ ಅಕ್ಕಡಿ ಸಾಲು ಮುಗಿಯುತ್ತದೆ.

ಮೊಟ್ಟೆ, ಸಣ್ಣ ಮರಿ ಕಂಡಾಗ ಬೇವಿನ ಬೀಜದ ಕಷಾಯ. ಐದು ಕೆಜಿ ಬೇವಿನ ಬೀಜ ಕುಟ್ಟಿ ಪುಡಿ ಮಾಡಿ, ಬಟ್ಟೆಯಲ್ಲಿ ಕಟ್ಟಿ, ಹತ್ತು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಬೆಳಗ್ಗೆ ಹಿಂಡಿ, ಸೋಸಿ, ಒಟ್ಟು 100 ಲೀಟರ್ ಮಾಡಿಕೊಳ್ಳಿ. ಎಲೆಗೆ ಅಂಟಲು ಸ್ವಲ್ಪ ಸೋಪಿನ ಪುಡಿ ಹಾಕಿ. ಬೇವಿನ ಬೀಜ ಸಿಗುವುದು ಬೇಸಿಗೆ ಕೊನೆಗೆ, ಬೇಕಾಗುವುದು ಚಳಿಗಾಲಕ್ಕೆ. ಹಾಗಾಗಿ ಆಯ್ದ ಬೀಜವನ್ನು ನೆರಳಲ್ಲಿ ಒಣಗಿಸಿ, ಗಾಳಿಯಾಡುವ ಚೀಲದಲ್ಲಿ ಮೊದಲೇ ಇಟ್ಟುಕೊಂಡಿರಬೇಕು. ಬೂಸಲು ಹಿಡಿದ ಬೀಜ ಬಳಸಬೇಡಿ. ಸಂಜೆ ಹೊತ್ತು ಸಿಂಪಡಿಸಿ. ಬಿಸಿಲಿಗೆ ಅದರ ಗುಣ ಹೋಗುತ್ತದೆ, ಬೆಳಗ್ಗೆ ಹೊಡೆದರೆ ಜೇನಿಗೂ ತೊಂದರೆ.

ಹುಳ ಇನ್ನೂ ಸಣ್ಣದಿರುವಾಗಲೇ ಹೊಡೆದರೆ ಎನ್‌ಪಿವಿ ಒಳ್ಳೆಯದು. ಅಂಗಡಿಯಲ್ಲಿ ತಂದರೆ ಎಕರೆಗೆ 100 ಎಲ್‌ಇ (ರೋಗದ ಹುಳದ ಲೆಕ್ಕದಲ್ಲಿ ವೈರಸ್ ಅಳೆಯುವ ಮಾನ, ಡಬ್ಬಿಯ ಮೇಲೆ ಬರೆದಿರುತ್ತದೆ). ಹೊಲದಲ್ಲೇ ಜೋತುಬಿದ್ದ ಹುಳ ಸಿಕ್ಕರೆ ಆಯ್ದು, ನೀರಿನಲ್ಲಿ ಅರೆದು, ತೆಳು ಬಟ್ಟೆಯಲ್ಲಿ ಸೋಸಿ ಅದನ್ನೇ ಬಳಸಬಹುದು. ಅದಕ್ಕೆ ಸ್ವಲ್ಪ ಬೆಲ್ಲ, ಸ್ವಲ್ಪ ಬಟ್ಟೆಗೆ ಹಾಕುವ ನೀಲಿ ಸೇರಿಸಬೇಕು. ಬೆಲ್ಲಕ್ಕೆ ಹುಳ ಚೆನ್ನಾಗಿ ತಿನ್ನುತ್ತದೆ, ನೀಲಿ ವೈರಸ್ಸಿಗೆ ಬಿಸಿಲು ತಾಗದ ಹಾಗೆ ಕಾಯುತ್ತದೆ. ಇದನ್ನೂ ಸಂಜೆಯೇ ಹೊಡೆಯಬೇಕು. ಹುಳ ಸಾಯಲು ನಾಲ್ಕೈದು ದಿನ ಬೇಕು. ಮಾರನೇ ದಿನ ಹುಳ ಓಡಾಡುತ್ತಿದೆ ಅಂತ ಬೇರೆ ಮದ್ದಿಗೆ ಓಡಬೇಡಿ.

ರಾಸಾಯನಿಕ ಮದ್ದಿನ ಬಗ್ಗೆ ನನ್ನ ಮಾತು ಖಚಿತ. ಅವರೆ ಒಂದೇ ಸಲ ಕೊಯ್ಯುವ ಬೆಳೆ ಅಲ್ಲ. ಮೇಲೆ ಹೂ, ನಡುವೆ ಎಳೆಕಾಯಿ, ಕೆಳಗೆ ಬಲಿತ ಕಾಯಿ ಒಟ್ಟಿಗೇ ಇರುತ್ತವೆ. ವಾರಕ್ಕೊಮ್ಮೆ ಕೀಳುತ್ತಲೇ ಇರುತ್ತೇವೆ. ಮದ್ದಿನ ಡಬ್ಬಿಯ ಮೇಲೆ ಇಷ್ಟು ದಿನ ಕಾಯಿ ಕೀಳಬಾರದು ಅಂತ ಬರೆದಿರುತ್ತದೆ. ಅಷ್ಟು ದಿನ ಕಾದರೆ ಬಲಿತ ಕಾಯಿ ಒಣಗುತ್ತದೆ, ಕಾಯದಿದ್ದರೆ ವಿಷ ತಿನ್ನಿಸಿದ ಹಾಗೆ. ಸಂಕ್ರಾಂತಿಗೆ ಜನ ಅವರೆಕಾಯಿಯನ್ನು ಸಿಪ್ಪೆ ಸಮೇತ ಬೇಯಿಸಿ, ಮಕ್ಕಳು ಆ ಸಿಪ್ಪೆಯನ್ನು ಬಾಯಲ್ಲಿ ಎಳೆದು ಚೀಪುತ್ತಾರೆ. ಆ ಮಕ್ಕಳನ್ನು ನೆನೆಸಿಕೊಂಡರೆ ಕೈ ನಡುಗಬೇಕು. ಮೋನೋಕ್ರೋಟೋಫಾಸ್ ಅನ್ನು ತರಕಾರಿಗೆ ಬಳಸಬಾರದು ಎಂದು 2005ರಲ್ಲೇ ಆದೇಶವಾಗಿದೆ. ಎಂಡೋಸಲ್ಫಾನ್ ಅನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಆದರೂ "ಅವರೆ ತರಕಾರಿ ಅಲ್ಲ, ಕಾಳು" ಅಂತ ಹೇಳಿ ಡಬ್ಬಿ ಕೈಗೆ ಕೊಡುವವರು ಇದ್ದಾರೆ. ಹಸಿಕಾಯಿ ಮಾರುವವರಿಗೆ ಅದು ತರಕಾರಿಯೇ. ಜೊತೆಗೆ, ಕಡು ಮದ್ದು ಹೊಡೆದ ಹೊಲದಲ್ಲಿ ಗುಲಗಂಜಿ ಹುಳ, ಕಣಜ ಎಲ್ಲ ಮೊದಲು ಸಾಯುತ್ತವೆ. ಅಲ್ಲಿಲ್ಲಿ ಉಳಿದ ಹೇನು ಎರಡೇ ವಾರದಲ್ಲಿ ಮೊದಲಿಗಿಂತ ಜಾಸ್ತಿಯಾಗುತ್ತದೆ.

ಕೀಳುವುದು ಮತ್ತು ಮೂರು ಗುಡ್ಡೆ

ಇಬ್ಬನಿ ಇರುವಾಗ ಕಾಯಿ ಕೀಳಬೇಡಿ. ಒದ್ದೆ ಕಾಯಿ ಚೀಲದಲ್ಲಿ ಬಿಸಿಯಾಗಿ ಬೆಳಗಾಗುವ ಹೊತ್ತಿಗೆ ಕಪ್ಪಾಗುತ್ತದೆ. ಮಧ್ಯಾಹ್ನದ ಮೇಲೆ ಕಿತ್ತು, ನೆರಳಲ್ಲಿ ಹರಡಿ, ಸಂಜೆ ವಿಂಗಡಿಸಿ, ರಾತ್ರಿ ಗಾಡಿಗೆ ಹಾಕಿದರೆ ಬೆಳಗಿನ ಜಾವ ಮಂಡಿಯಲ್ಲಿ ಹೊಳಪಾಗಿರುತ್ತದೆ. ಗೋಣಿಚೀಲ ಒಳ್ಳೆಯದು, ಪ್ಲಾಸ್ಟಿಕ್ ಚೀಲ ಬೇಡ. ಒತ್ತಿ ತುಂಬಬೇಡಿ.

ವಿಂಗಡಿಸುವಾಗ ಮೂರು ಗುಡ್ಡೆ ಮಾಡಿ. ಕಾಳು ತುಂಬಿದ, ತೂತಿಲ್ಲದ, ಕೈಗೆ ಸೊಗಡು ಅಂಟುವ ಕಾಯಿ ಒಂದು ಗುಡ್ಡೆ. ಒಂದು ತೂತು ಇದ್ದು ಮಿಕ್ಕ ಕಾಳು ಚೆನ್ನಾಗಿರುವುದು ಇನ್ನೊಂದು. ಬಲಿತು ಹಳದಿಗೆ ತಿರುಗಿದ್ದು ಮೂರನೆಯದು. ಮೂರನ್ನೂ ಬೆರೆಸಿ ಮಾರುವುದೇ ರೈತರಿಗೆ ಆಗುವ ದೊಡ್ಡ ನಷ್ಟ. ಒಂದು ಚೀಲದಲ್ಲಿ ಕೈ ಹಾಕಿದಾಗ ನಾಲ್ಕು ತೂತಿನ ಕಾಯಿ ಬಂದರೆ ಇಡೀ ಲಾಟಿನ ರೇಟು ಇಳಿಯುತ್ತದೆ. ಒಂದು ಮಂಡಿಯಲ್ಲಿ ನಮಗೆ ಹಾಗೇ ಹುಳದ ಹೆಸರು ಹೇಳಿ ಚೀಲಕ್ಕೆ ಎರಡು ಕೆಜಿ ಮುರಿದುಕೊಂಡರು. ಆ ಚೀಲದಲ್ಲಿ ತೂತಿನ ಕಾಯಿ ಇರಲೇ ಇಲ್ಲ, ಪಕ್ಕದ ಲಾಟನ್ನು ತೋರಿಸಿ ನಮ್ಮದರಲ್ಲಿ ಮುರಿದದ್ದು. ಅಂದಿನಿಂದ ನಾವು ಚೀಲದ ಬಾಯಿ ಹೊಲಿಯುವುದಿಲ್ಲ. "ಬಿಚ್ಚಿ ನೋಡಣ್ಣ, ತಳದವರೆಗೂ ಕೈ ಹಾಕು" ಅಂತ ನಾವೇ ಹೇಳುತ್ತೇವೆ. ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ನಿಯಮದಲ್ಲಿ ಕಮಿಷನ್ ಕೊಡಬೇಕಾದವರು ಕೊಳ್ಳುವವರು, ರೈತರಲ್ಲ. ಬಿಳಿ ಚೀಟಿಯಲ್ಲಿ ಪೆನ್ಸಿಲ್ ಲೆಕ್ಕ ಕೊಟ್ಟರೆ ಒಪ್ಪಬೇಡಿ. ಅಚ್ಚಾದ ಬಿಲ್ ಕೇಳಿ, ತೂಕ ನಿಂತು ನೋಡಿ.

ಮೊದಲ ಗುಡ್ಡೆ ಮಂಡಿಗೆ. ಸಂಕ್ರಾಂತಿಗೆ ಮೂರು ನಾಲ್ಕು ದಿನ ಮುಂಚಿನ ಕೀಳುವಿಕೆಗೆ ಚೆನ್ನಾಗಿರುವ ಕಾಯಿ ಉಳಿಸಿಕೊಳ್ಳಿ. ಅವತ್ತು ಗೆಣಸು, ಕಡಲೆಕಾಯಿ ಜೊತೆ ಇಡಿಯಾಗಿ ಬೇಯಿಸುವ ಕಾಯಿಗೆ ತೂತಿರಬಾರದು, ಜನ ಆರಿಸಿ ಕೊಳ್ಳುತ್ತಾರೆ. ಹಬ್ಬ ಮುಗಿದ ಮೇಲೆ ಎಲ್ಲರ ಹೊಲದ ಕಾಯಿಯೂ ಒಟ್ಟಿಗೆ ಬಂದು ರೇಟು ಬೀಳುತ್ತದೆ. ಆಗ ಎರಡನೇ ಗುಡ್ಡೆಯ ಕೆಲಸ ಶುರು.

ತೂತಿನ ಕಾಯಿ ಸುಲಿದರೆ ಕೆಟ್ಟ ಕಾಳು ಒಂದು, ಒಳ್ಳೆ ಕಾಳು ಎರಡು ಮೂರು. ಸಣ್ಣ ಹುಳಗಳು ಒಂದನ್ನೊಂದು ತಿಂದುಬಿಡುವುದರಿಂದ ಒಂದು ಕಾಯಿಯಲ್ಲಿ ಸಾಮಾನ್ಯವಾಗಿ ಒಂದೇ ಹುಳ ಉಳಿಯುತ್ತದೆ. ಈ ಕಾಯಿಯನ್ನು ಮಂಡಿಗೆ ಹಾಕುವ ಬದಲು ಸುಲಿದು ಹಸಿಕಾಳು ಮಾಡಿ ಮಾರಿ. ರೇಟು ಹೀಗೆ ಕಟ್ಟಿಕೊಳ್ಳಿ. ಒಂದು ಕೆಜಿ ಕಾಯಿ ತೂಗಿ, ಸುಲಿದು, ಒಳ್ಳೆ ಕಾಳನ್ನಷ್ಟೇ ತೂಗಿ. 400 ಗ್ರಾಂ ಬಂತು ಅಂತಿಟ್ಟುಕೊಳ್ಳಿ. ಕಾಯಿಗೆ ಕೆಜಿಗೆ 40 ರೂಪಾಯಿ ನಡೆಯುತ್ತಿದ್ದರೆ ಕಾಳು ಕೆಜಿಗೆ 100 ರೂಪಾಯಿ ಬಂದರೆ ಅಸಲು. ಸುಲಿಯುವ ಕೂಲಿ ಅದರ ಮೇಲೆ. ಮನೆಯವರೇ ಸುಲಿದರೂ ಕೂಲಿ ಹಾಕಿ, ಹೆಂಗಸರ ದುಡಿಮೆ ಪುಕ್ಕಟೆ ಅಲ್ಲ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾಳು ನೆನೆಸಿ ಹಿತಕಿ ಬೇಳೆ ಮಾಡಿದರೆ ಬೆಂಗಳೂರಿನ ಮನೆಗಳಲ್ಲಿ ಒಳ್ಳೆ ಬೆಲೆ ಇದೆ. ಹಿತಕುವುದಕ್ಕೆ ಪುರುಸೊತ್ತಿಲ್ಲದವರೇ ಅಲ್ಲಿ ಜಾಸ್ತಿ. ಹಿತಕಿದ್ದು ಅವತ್ತೇ ಹೋಗಬೇಕು, ಅದಕ್ಕೆ ಹಿಂದಿನ ದಿನವೇ ಆರ್ಡರ್ ತೆಗೆದುಕೊಂಡು ಅಷ್ಟೇ ನೆನೆಹಾಕಿ.

ಮಾಗಡಿ ರಸ್ತೆಯ ಬದಿ ಕೂತು ಮಾರುವಾಗ "ಏನಕ್ಕಾ, ಹುಳ ಇದೆಯಲ್ಲಾ?" ಅಂತ ಕೇಳಿದರೆ ಮುಚ್ಚಿಡಬೇಡಿ. "ಇದೆ ಸಾರ್, ಮದ್ದು ಹೊಡೆದಿಲ್ಲ. ಹುಳ ಇಲ್ಲದ್ದು ಈ ಕಡೆ, ರೇಟು ಜಾಸ್ತಿ. ಹುಳ ಇರೋದು ಆ ಕಡೆ, ಕಮ್ಮಿ" ಅಂತ ಎರಡೂ ಗುಡ್ಡೆ ತೋರಿಸಿ. ಕಮ್ಮಿ ಗುಡ್ಡೆಯಿಂದಲೇ ತೆಗೆದುಕೊಂಡು ಮುಂದಿನ ವಾರ ಮತ್ತೆ ಹುಡುಕಿಕೊಂಡು ಬರುವವರಿದ್ದಾರೆ.

ಒಣಕಾಳಿನ ಹುಳ ಹೊಲದಿಂದಲೇ ಬರುತ್ತದೆ

ಮೂರನೇ ಗುಡ್ಡೆ, ಜೊತೆಗೆ ಕೊನೆಯ ಕೀಳುವಿಕೆ, ಇವು ಒಣಕಾಳಿಗೆ. ಯುಗಾದಿ ದಾಟಿಸಿ ಮಾರಿದರೆ ಸುಗ್ಗಿಯ ಬೆಲೆಗಿಂತ ಸಾಮಾನ್ಯವಾಗಿ ಮೇಲೆ ಸಿಗುತ್ತದೆ. ಆದರೆ ಅಲ್ಲಿಯವರೆಗೆ ಕಾಳು ಪುಡಿಯಾಗದೆ ಉಳಿಯಬೇಕಲ್ಲ. ಕಾಳಿಗೆ ಬೀಳುವ ದುಂಬಿ ಡಬ್ಬದಲ್ಲಿ ಹುಟ್ಟುವುದಲ್ಲ. ಒಣಗುತ್ತಿರುವ ಕಾಯಿಯ ಮೇಲೆ ಹೊಲದಲ್ಲೇ ಮೊಟ್ಟೆ ಇಟ್ಟು, ಕಾಳಿನ ಒಳಗೆ ಕೂತು ಮನೆಗೆ ಬರುತ್ತದೆ. ಅದಕ್ಕೇ ಕಾಯಿ ಒಣಗಿದ ಮೇಲೆ ಹೊಲದಲ್ಲಿ ಬಿಡಬೇಡಿ, ತಕ್ಷಣ ಕಿತ್ತು ಕಣಕ್ಕೆ ತನ್ನಿ. ಹಳೆ ಕಾಳಿನ ಡಬ್ಬ, ಚೀಲ ಪಕ್ಕದಲ್ಲಿ ಇರಬಾರದು.

ಬಡಿದು, ತೂರಿ, ಮೊರದಲ್ಲಿ ಕೇರಿದ ಮೇಲೆ ಒಂದು ಹಿಡಿ ಕಾಳನ್ನು ಅಂಗೈಮೇಲೆ ಹಾಕಿ ಬೆಳಕಿಗೆ ಹಿಡಿದು ನೋಡಿ. ಕಾಳಿನ ಮೇಲೆ ಬಿಳಿ ಚುಕ್ಕೆ ಅಂಟಿಕೊಂಡಿದ್ದರೆ ಅದೇ ಮೊಟ್ಟೆ. ಹೊಳೆಯುತ್ತಿದ್ದರೆ ಇನ್ನೂ ಒಡೆದಿಲ್ಲ. ಅಚ್ಚ ಬಿಳಿಯಾಗಿದ್ದರೆ ಮರಿ ಆಗಲೇ ಕಾಳಿನ ಒಳಗೆ ಹೋಗಿದೆ. ಕಾಳಿನ ಮೇಲೆ ಬೆಳಕು ಹಾಯುವ ದುಂಡನೆ ಕಿಟಕಿ ಕಂಡರೆ ದುಂಬಿ ಹೊರಬರಲು ತಯಾರಿದೆ ಎಂದರ್ಥ. ಬೆಚ್ಚಗಿದ್ದರೆ ಮೊಟ್ಟೆಯಿಂದ ದುಂಬಿಯಾಗಲು ಮೂರು ನಾಲ್ಕು ವಾರ ಸಾಕು. ಒಂದು ಹೆಣ್ಣು ಹತ್ತಿರ ಹತ್ತಿರ ನೂರು ಮೊಟ್ಟೆ ಇಡಬಲ್ಲದು. ಶಿವರಾತ್ರಿಗೆ ಬೆರಳೆಣಿಕೆಯಷ್ಟಿದ್ದದ್ದು ಬೇಸಿಗೆ ಮುಗಿಯುವುದರೊಳಗೆ ಚೀಲವನ್ನೇ ತಿಂದು ಮುಗಿಸುತ್ತದೆ.

ಹಲ್ಲಿನಲ್ಲಿ ಕಚ್ಚಿದರೆ ಕಟ್ ಅಂತ ಮುರಿಯುವ ಹಾಗೆ ಒಣಗಿಸಿ. ತಿನ್ನುವ, ಮಾರುವ ಕಾಳಿಗೆ ಬಿಸಿಲ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಳಗೆ ಹುಲ್ಲು, ಅದರ ಮೇಲೆ ಕಪ್ಪು ಟಾರ್ಪಾಲು, ಮೇಲೆ ಒಂದೆರಡು ಕಾಳಿನ ದಪ್ಪಕ್ಕೆ ಅವರೆ ಹರಡಿ, ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅಂಚಿಗೆ ಸುತ್ತ ಕಲ್ಲು. ಬಿರುಬಿಸಿಲಿನಲ್ಲಿ ಮಧ್ಯಾಹ್ನದ ಎರಡು ಮೂರು ಗಂಟೆ ಬಿಡಿ. ಕಾಳಿನ ಶಾಖ 57 ಡಿಗ್ರಿ ಮುಟ್ಟಿ ಒಂದು ಗಂಟೆ ನಿಂತರೆ ಒಳಗಿರುವ ಮೊಟ್ಟೆ, ಮರಿ, ದುಂಬಿ ಎಲ್ಲ ಸಾಯುತ್ತವೆ. ಪೂರ್ತಿ ಆರಿದ ಮೇಲೆ, ಗಾಳಿಯಾಡದ ಡಬ್ಬ ಅಥವಾ ದಪ್ಪ ಚೀಲಕ್ಕೆ ಬಾಯಿ ತನಕ ತುಂಬಿ ಬಿಗಿಯಾಗಿ ಕಟ್ಟಿ. ತಿಂಗಳಿಗೊಮ್ಮೆ ಸುಮ್ನೆ ಬಿಚ್ಚಿ ನೋಡುವ ಅಭ್ಯಾಸ ಬಿಡಿ, ಒಳಕ್ಕೆ ಗಾಳಿ ಸೇರುತ್ತದೆ.

ಮನೆಗೆ ಇಟ್ಟುಕೊಳ್ಳುವುದನ್ನು ರಾಗಿಯಲ್ಲಿ ಬೆರೆಸಿಡಬಹುದು. ರಾಗಿಗೆ ಸಾಮಾನ್ಯವಾಗಿ ಹುಳ ಹತ್ತುವುದಿಲ್ಲ. ಅದರ ಸಣ್ಣ ಕಾಳು ಅವರೆಯ ಸಂದುಗಳನ್ನೆಲ್ಲ ತುಂಬಿಬಿಡುವುದರಿಂದ ದುಂಬಿಗೆ ಓಡಾಡಲು ಜಾಗವೇ ಇರುವುದಿಲ್ಲ. ಬೇಕಾದಾಗ ಜರಡಿ ಹಿಡಿದರೆ ಎರಡೂ ಬೇರೆಯಾಗುತ್ತವೆ.

ಬಿತ್ತನೆ ಬೀಜಕ್ಕೆ ಮಾತ್ರ ಪ್ಲಾಸ್ಟಿಕ್ ಹಾಳೆಯ ಶಾಖ ಬೇಡ, ಕೆಮ್ಮಣ್ಣು ಕಟ್ಟಿ. ಹುಳ ಕಡಿಮೆ ತಿಂದ, ಸೊಗಡು ಜಾಸ್ತಿ ಇದ್ದ ಗಿಡಗಳಿಗೆ ಡಿಸೆಂಬರಿನಲ್ಲೇ ಬಟ್ಟೆ ಚೂರು ಕಟ್ಟಿ ಗುರುತು ಮಾಡಿರಿ, ಅವುಗಳ ಕಾಯಿ ಮಾರಬೇಡಿ. ಆ ಕಾಳನ್ನು ಆರಿಸಿಕೊಂಡು, ಜರಡಿ ಹಿಡಿದ ಕೆಮ್ಮಣ್ಣನ್ನು ನೀರಿನಲ್ಲಿ ಗಟ್ಟಿ ಗಂಜಿಯ ಹದಕ್ಕೆ ಕಲಸಿ, ಪ್ರತಿ ಕಾಳಿಗೂ ಮೆತ್ತುವಂತೆ ಉಜ್ಜಿ, ಎರಡು ಮೂರು ದಿನ ಬಿಸಿಲಿಗೆ ಒಣಗಿಸಿ. ಮಡಕೆಗೆ ತುಂಬಿ, ಮೇಲೆ ಎರಡು ಬೆರಳು ದಪ್ಪಕ್ಕೆ ಒಲೆಬೂದಿ ಹಾಕಿ ಬಾಯಿ ಕಟ್ಟಿ. ಹೊಲ ಖಾಲಿಯಾದ ಮೇಲೆ ಮೊದಲ ಮಳೆ ಬಿದ್ದ ಹದದಲ್ಲೇ ಒಂದು ಉಳುಮೆ ಹೊಡೆಸಿ. ಮಣ್ಣಿನಲ್ಲಿ ಕೋಶ ಕಟ್ಟಿಕೊಂಡಿರುವ ಕಾಯಿಕೊರಕ ಮೇಲೆ ಬರುತ್ತದೆ. ನೇಗಿಲ ಹಿಂದೆಯೇ ಬೆಳ್ಳಕ್ಕಿ, ಗೊರವಂಕ ಬಂದು ಆಯ್ದುಕೊಳ್ಳುತ್ತವೆ. ಅವತ್ತು ಹಕ್ಕಿಗಳನ್ನು ಓಡಿಸದಂತೆ ಮಕ್ಕಳಿಗೂ ನಾಯಿಗೂ ಹೇಳಿಡಿ.